ದೂರು ಕಾಗದಕ್ಕೆ ಇಳಿದ ಕಾಲ

ಸಕಲೇಶಪುರದ ಕೋರ್ಟಿನ ಹತ್ತಿರ ಟೈಪಿಂಗ್ ಮೇಜು ಹಾಕಿಕೊಂಡು ಕೂತ ನನ್ನಂಥವಳಿಗೆ ಯಾವ ಕಾನೂನು ಯಾವಾಗ ಬಂತು ಅನ್ನುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಅರ್ಜಿಯ ತಲೆಬರಹದಲ್ಲಿ ಕಲಂ ಬದಲಾದಾಗ ಬೆರಳಿಗೇ ಗೊತ್ತಾಗುತ್ತದೆ. ಕನ್ನಡ ಸೀನಿಯರ್ ಟೈಪಿಂಗ್ ಪಾಸು ಮಾಡಿ ಎಂಬತ್ತರ ದಶಕದಲ್ಲಿ ಕೂತವಳು ನಾನು. ರೆಮಿಂಗ್ಟನ್ ಯಂತ್ರ ಹೋಗಿ ಕಂಪ್ಯೂಟರು ಬಂತು, ಕಾರ್ಬನ್ ಹೋಗಿ ಜೆರಾಕ್ಸ್ ಬಂತು. ಜೀವನಾಂಶದ ಅರ್ಜಿ ಮಾತ್ರ ಅಂದಿನಿಂದ ಇಂದಿನವರೆಗೂ ಬರುತ್ತಲೇ ಇದೆ.

ಬಾನು ಮುಷ್ತಾಕ್ ಅವರ ಹೆಸರು 2025ರಲ್ಲಿ ಎರಡು ಸಲ ಎಲ್ಲರ ಬಾಯಲ್ಲೂ ಬಂತು. ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಒಮ್ಮೆ, ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ ಇನ್ನೊಮ್ಮೆ. ಆಗ ಟೀವಿಯವರು ‘ವಿವಾದಿತ ಲೇಖಕಿ’ ಅಂದರು. ನಮ್ಮ ಜಿಲ್ಲೆಯ ಕೋರ್ಟುಗಳ ಸುತ್ತ ಓಡಾಡುವವರಿಗೆ ಅವರು ಅದಕ್ಕೂ ಮುಂಚೆ ಹಾಸನದ ಲಾಯರು. ನಾನು ಅವರ ಕಕ್ಷಿದಾರಳಲ್ಲ, ಅವರ ಆಫೀಸಿನ ಕೆಲಸ ಮಾಡಿದವಳೂ ಅಲ್ಲ. ಆದರೆ ಅವರ ಮೇಲಿನ ಸಿಟ್ಟು ಎಲ್ಲಿಂದ ಹುಟ್ಟಿತು ಅನ್ನುವುದು ಈ ಮೇಜಿನಿಂದ ಚೆನ್ನಾಗಿ ಕಾಣುತ್ತದೆ. ನಾಲ್ಕು ಗೋಡೆಯೊಳಗೆ ತೀರಬೇಕಾದ್ದು ಅಂತ ಎಲ್ಲರೂ ಒಪ್ಪಿಕೊಂಡಿದ್ದ ಹೆಣ್ಣಿನ ದೂರನ್ನು ಅವರು ಬರಹಕ್ಕೆ ಇಳಿಸಿದರು. ಪತ್ರಿಕೆಯಲ್ಲಿ, ಕತೆಯಲ್ಲಿ, ವಕಾಲತ್ತಿನಲ್ಲಿ ಮಾಡಿದ್ದು ಅದೊಂದೇ ಕೆಲಸ.

ಮೊದಲು ಈ ಬೆಟ್ಟಗಳಲ್ಲಿ ದೂರು ಎಲ್ಲಿ ತೀರುತ್ತಿತ್ತು ಅನ್ನುವುದನ್ನು ಹೇಳಬೇಕು. ಹೆತ್ತೂರು, ಯಸಳೂರು ಕಡೆಯ ಹಳ್ಳಿಗಳಲ್ಲಿ ಗೌಡರ ಜಗಲಿ. ಮುಸ್ಲಿಮರಿಗೆ ಜಮಾತು. ಕ್ರಿಶ್ಚಿಯನ್ನರಿಗೆ ಫಾದರ್ ಹತ್ತಿರ ಮಾತುಕತೆ. ತೋಟದ ಲೈನ್ ಮನೆಯವರಿಗೆ ತೋಟದ ಲೆಕ್ಕ ಬರೆಯುವ ರೈಟರ ಆಫೀಸಿನ ಬಾಗಿಲು. ಗಂಡ ಹೊಡೆದನೋ, ಇನ್ನೊಬ್ಬಳನ್ನು ಕಟ್ಟಿಕೊಂಡನೋ, ಮೇಸ್ತ್ರಿ ಎರಡು ಮಾತು ಬೈದು ಕಳಿಸುತ್ತಿದ್ದ. ಎಲ್ಲ ಕಡೆಯೂ ಕೂತು ಮಾತಾಡುವವರು ಗಂಡಸರು. ಹೆಂಗಸು ನಿಂತಿರುತ್ತಿದ್ದಳು, ಇಲ್ಲವೇ ಅವಳ ಪರವಾಗಿ ಅಣ್ಣನೋ ಅಪ್ಪನೋ ಮಾತಾಡುತ್ತಿದ್ದ. ತೀರ್ಮಾನ ಬರಹದಲ್ಲಿ ಇರುತ್ತಿರಲಿಲ್ಲ. ಇದ್ದರೆ ಛಾಪಾ ಕಾಗದದ ಮೇಲೆ ‘ಬಿಡುಗಡೆ ಪತ್ರ’ ಅಂತ ಇರುತ್ತಿತ್ತು: ನಾವಿಬ್ಬರೂ ಒಪ್ಪಿ ಬೇರೆಯಾಗಿದ್ದೇವೆ, ಮುಂದೆ ಯಾವ ಹಕ್ಕೂ ಕೇಳುವುದಿಲ್ಲ, ಪಂಚರ ರುಜು. ಆ ಜಾತಿಯಲ್ಲಿ ಹಾಗೆ ಬಿಡುವುದು ಹಿಂದಿನಿಂದ ನಡೆದುಬಂದ ಪದ್ಧತಿ ಅಂತ ರುಜುವಾತು ಆಗದಿದ್ದರೆ ಹಿಂದೂ ವಿವಾಹ ಕಾಯ್ದೆಯಡಿ ಆ ಕಾಗದಕ್ಕೆ ಬೆಲೆಯಿಲ್ಲ. ಆದರೂ ಅದನ್ನು ತೋರಿಸಿ ಮರುಮದುವೆ ಆದ ಗಂಡಸರು ಈ ತಾಲ್ಲೂಕಿನಲ್ಲಿ ಬೇಕಾದಷ್ಟು.

ಕಾನೂನು ಇರಲಿಲ್ಲ ಅಂತಲ್ಲ. ಬ್ರಿಟಿಷರ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ 488ನೇ ಕಲಂ ಇತ್ತು. ಕೈಬಿಟ್ಟ ಹೆಂಡತಿಗೆ ಗಂಡ ತಿಂಗಳಿಗೆ ಇಷ್ಟು ಕೊಡಬೇಕು ಅಂತ ಮ್ಯಾಜಿಸ್ಟ್ರೇಟರು ಹೇಳಬಹುದಿತ್ತು. ಮೇಲ್ಮಿತಿ ಮೊದಲು 50 ರೂಪಾಯಿ, ಆಮೇಲೆ 100, 1955ರಲ್ಲಿ 500. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತ್ತು. ಇದನ್ನೆಲ್ಲ ಕೋರ್ಟಿಗೆ ಒಯ್ಯಲು ಬೇಕಾದ ಹೆಣ್ಣು ವಕೀಲರೇ ಇರಲಿಲ್ಲ. 1916ರಲ್ಲಿ ಕಲ್ಕತ್ತಾ ಹೈಕೋರ್ಟು ರೆಜಿನಾ ಗುಹಾ ಎಂಬ ಕಾನೂನು ಪದವೀಧರೆಗೆ ಹೆಂಗಸು ಎಂಬ ಒಂದೇ ಕಾರಣಕ್ಕೆ ವಕೀಲಿ ನಿರಾಕರಿಸಿತು. 1923ರ ಕಾಯ್ದೆ ಬಂದ ಮೇಲೆಯೇ ಆ ಅಡ್ಡಿ ಹೋದದ್ದು. ಕಾಗದದ ಮೇಲೆ ಅಡ್ಡಿ ಹೋದರೂ ತಾಲ್ಲೂಕು ಕೋರ್ಟಿನ ಮೆಟ್ಟಿಲಿನ ಮೇಲೆ ಕರಿ ಕೋಟಿನ ಹೆಂಗಸು ಕಾಣಲು ಇನ್ನೂ ಎಷ್ಟೋ ದಶಕ ಹಿಡಿಯಿತು.

ಆಸ್ತಿಯ ವಿಚಾರದಲ್ಲಿ ಕಾಫಿ ತೋಟದ ಮನೆಗಳೂ ಬೇರೆಯಾಗಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದು, ಅದಕ್ಕೆ ಮುಂಚೆ ಮದುವೆಯಾದವರನ್ನು ಬಿಟ್ಟು, ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂದಿತು. ಆಗ ನನ್ನ ಮೇಜಿಗೆ ಬಂದದ್ದು ಪಾಲು ಕೇಳುವ ದಾವೆಗಳಲ್ಲ, ಹಕ್ಕು ಬಿಡುಗಡೆ ಪತ್ರಗಳು. ಅಣ್ಣತಮ್ಮಂದಿರು ಕಾರಿನಲ್ಲಿ ಅಕ್ಕತಂಗಿಯರನ್ನು ಕರೆತಂದು, ಅರಿಶಿನ ಕುಂಕುಮದ ಬಾಬ್ತು ಇಷ್ಟು ರೂಪಾಯಿ ಸಂದಿದೆ ಅಂತ ಬರೆಸಿ, ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟೋ ರುಜುವೋ ಹಾಕಿಸಿ, ಊಟ ಮಾಡಿಸಿ ಬಸ್ಸು ಹತ್ತಿಸುತ್ತಿದ್ದರು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದ ಮೇಲೂ ಆ ಪತ್ರಗಳು ನಿಂತಿಲ್ಲ. ಹೆಣ್ಣಿಗೆ ಅನ್ಯಾಯ ಮಾಡುವುದರಲ್ಲಿ ಒಂದೇ ಧರ್ಮದವರು ಮುಂದಿದ್ದಾರೆ ಅನ್ನುವವರು ಒಂದು ದಿನ ಬಂದು ನನ್ನ ಪಕ್ಕ ಕೂರಲಿ.

ಜೀವನಾಂಶದ ಅರ್ಜಿ ಹೇಗೆ ಹುಟ್ಟುತ್ತದೆ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಹಾನುಬಾಳು ಕಡೆಯ ತೋಟದ ಲೈನಿನಿಂದ ಒಬ್ಬ ಹೆಂಗಸು ಬಂದಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಒಳಗೆ ರೇಷನ್ ಕಾರ್ಡು, ಮಗುವಿನ ಚುಚ್ಚುಮದ್ದಿನ ಚೀಟಿ. ವಕೀಲರು ಗುರುತು ಹಾಕಿ ಕೊಟ್ಟಿದ್ದ ಕರಡಿನಲ್ಲಿ ಮದುವೆಯ ತಾರೀಕಿನ ಜಾಗ ಖಾಲಿ ಇತ್ತು.

“ಮದುವೆ ಯಾವಾಗ ಆಯ್ತವ್ವ?”

“ಹೂಮಳೆ ಬಂದಿತ್ತಕ್ಕ. ದೊಡ್ಡ ಮಗಳು ಹುಟ್ಟೋಕೆ ಎರಡು ವರ್ಷ ಮುಂಚೆ.”

“ಗಂಡನಿಗೆ ಸಂಬಳ ಎಷ್ಟು?”

“ನಂಗೆ ಯಾವತ್ತು ಹೇಳಿದ್ದ? ರೈಟರ್ ಸಾವ್ಕಾರ್ರ ಚೆಕ್‌ರೋಲಲ್ಲಿ ಇರ್ತದೆ.”

ಆ ಎರಡು ಉತ್ತರಗಳಲ್ಲಿ ಇಡೀ ಕೇಸು ಇದೆ. ಹೂಮಳೆ ಅಂದರೆ ಫೆಬ್ರವರಿ–ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಮಳೆ. ಅದನ್ನು ‘ಸುಮಾರು ಎಂಟು ವರ್ಷಗಳ ಹಿಂದೆ’ ಅಂತ ಬರೆಯಬೇಕು. ಮದುವೆಗೆ ದಾಖಲೆ ಇಲ್ಲ, ಗಂಡನ ವರಮಾನಕ್ಕೆ ದಾಖಲೆ ತೋಟದವರ ಬೀರುವಿನಲ್ಲಿ. ರೈಟರು ಕೂಲಿ ಬರೆಯುವ ಆ ಚೆಕ್‌ರೋಲ್ ತಂದು ಸಾಕ್ಷಿ ಹೇಳಬೇಕಾದರೆ ತೋಟದ ಮಾಲೀಕರು ಒಪ್ಪಬೇಕು, ಇಲ್ಲವೇ ಕೋರ್ಟು ಸಮನ್ಸ್ ಕೊಡಬೇಕು. ಅಷ್ಟರಲ್ಲಿ ಗಂಡ ಘಟ್ಟ ಇಳಿದು ಮಂಗಳೂರು ಕಡೆ ಹೋಗಿರುತ್ತಾನೆ. ಲೆಡ್ಜರ್ ಹಾಳೆಯ ನಡುವೆ ಕಾರ್ಬನ್ ಇಟ್ಟು ನಾಲ್ಕು ಪ್ರತಿ ತೆಗೆದೆ: ಕೋರ್ಟಿಗೊಂದು, ಎದುರುದಾರನಿಗೊಂದು, ವಕೀಲರಿಗೊಂದು, ಇವಳಿಗೊಂದು. ತನ್ನ ಪ್ರತಿ ತಿರುಗಿಸಿ ನೋಡಿ, “ಇದರಲ್ಲಿ ನನ್ ಹೆಸರು ಎಲ್ಲಿದೆ?” ಅಂದಳು. ತೋರಿಸಿದೆ. ಹೆಸರಿನ ಮುಂದೆ ‘ಅರ್ಜಿದಾರಳು’ ಅಂತಿತ್ತು. ಜಗಲಿಯಲ್ಲಿ ನಿಂತಿದ್ದವಳಿಗೆ ಕೋರ್ಟಿನಲ್ಲಿ ಸಿಗುವ ಮೊದಲ ಬದಲಾವಣೆ ಅದು. ಗೆಲ್ಲುವುದು ಸೋಲುವುದು ಆಮೇಲಿನ ಮಾತು.

ಬಾನು ಅವರ ಬದುಕಿನಲ್ಲಿ ಈ ಬದಲಾವಣೆ ಬಹಳ ಬೇಗ ಶುರುವಾಯಿತು. 1948ರಲ್ಲಿ ಹಾಸನದಲ್ಲಿ ಹುಟ್ಟಿದವರು. ಮನೆಮಾತು ದಖನಿ ಉರ್ದು. ಎಂಟು ವರ್ಷದವರಿದ್ದಾಗ ಶಿವಮೊಗ್ಗದಲ್ಲಿ ಕನ್ನಡ ಮಾಧ್ಯಮದ ಮಿಶನರಿ ಶಾಲೆಗೆ ಅಪ್ಪ ಸೇರಿಸಿದರು. ಆರು ತಿಂಗಳಲ್ಲಿ ಕನ್ನಡ ಓದು ಬರಹ ಬರಬೇಕು ಅಂತ ಶಾಲೆಯವರ ಷರತ್ತು. ಕೆಲವೇ ದಿನಗಳಲ್ಲಿ ಹುಡುಗಿ ಬರೆಯತೊಡಗಿದಳು. ಓರಗೆಯವರಿಗೆ ಮದುವೆಯಾಗುತ್ತಿದ್ದ ವಯಸ್ಸಿನಲ್ಲಿ ಕಾಲೇಜಿಗೆ ಹೋದರು, ಇಪ್ಪತ್ತಾರಕ್ಕೆ ಪ್ರೀತಿಸಿದವರನ್ನು ಮದುವೆಯಾದರು. ಮೊದಲ ಕತೆ ‘ಪ್ರಜಾಮತ’ದಲ್ಲಿ ಬಂತು. ಮದುವೆಯ ನಂತರ ಬುರ್ಖಾ ಹಾಕು, ಮನೆ ನೋಡಿಕೊ ಅಂದದ್ದು, ಹೆರಿಗೆಯ ನಂತರದ ಖಿನ್ನತೆ, ಸಾವಿನ ಅಂಚಿಗೆ ಹೋಗಿ ಗಂಡ ಹಿಡಿದು ನಿಲ್ಲಿಸಿದ್ದು — ಇವನ್ನು ಅವರೇ ಸಂದರ್ಶನಗಳಲ್ಲಿ ಬಿಚ್ಚಿ ಹೇಳಿದ್ದಾರೆ. ನಮ್ಮ ಕಡೆಯ ಹೆಂಗಸರು ತಾಯಿಗೂ ಹೇಳದ ಮಾತು ಅದು.

ಆಮೇಲೆ ಸುಮಾರು ಒಂದು ದಶಕ ‘ಲಂಕೇಶ್ ಪತ್ರಿಕೆ’ಯ ವರದಿಗಾರ್ತಿ. ಸಕಲೇಶಪುರದ ಬಸ್ ನಿಲ್ದಾಣದಲ್ಲಿ ಆ ಪತ್ರಿಕೆ ಬಂದ ದಿನ ವಕೀಲರು, ಗುಮಾಸ್ತರು, ಮೇಷ್ಟರು ಮುಗಿಬೀಳುತ್ತಿದ್ದರು. ನಾನೂ ಒಂದು ಪ್ರತಿ ತಗೊಂಡು ಊಟದ ಡಬ್ಬಿಯ ಜೊತೆ ಬಿಚ್ಚುತ್ತಿದ್ದೆ. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದೂ ಅದರಲ್ಲೇ. ತಲಾಖ್ ಬಗ್ಗೆ ಮುಸ್ಲಿಂ ಹೆಂಗಸೇ ಕನ್ನಡದಲ್ಲಿ ಬರೆದದ್ದನ್ನು ನಾಡು ಮೊದಲ ಸಲ ಅಷ್ಟು ದೊಡ್ಡ ಸಂಖ್ಯೆಯಲ್ಲಿ ಓದಿತು. ದಲಿತ ಸಂಘಟನೆ, ರೈತ ಸಂಘ, ಬಂಡಾಯ ಸಾಹಿತ್ಯ ಎಲ್ಲ ಒಟ್ಟಿಗೆ ಏರಿದ ಕಾಲ. ಬಾನು ಬಂಡಾಯದ ಕಡೆಯವರು. ಹಾಸನ ನಗರಸಭೆಗೂ ಎರಡು ಅವಧಿಗೆ ಆಯ್ಕೆಯಾದರು. ಕುಟುಂಬ ಸಾಕುವ ಹೊಣೆ ಹೆಗಲಿಗೆ ಬಂದಾಗ ಪತ್ರಿಕೆ ಬಿಟ್ಟು ವಕೀಲಿ ಹಿಡಿದರು. ಆದರ್ಶಕ್ಕಿಂತ ಅಡುಗೆಮನೆಯ ಲೆಕ್ಕ ಅವರನ್ನು ಕೋರ್ಟಿಗೆ ತಂದಿತು ಅನ್ನುವುದು ನನಗೆ ಇಷ್ಟವಾದ ಸಂಗತಿ. ನನ್ನ ಮೇಜಿನ ಕತೆಯೂ ಹಾಗೇ.

ಅವರು ವಕೀಲಿಗೆ ಬಂದ ಹೊತ್ತು ಮುಸ್ಲಿಂ ಹೆಂಗಸಿನ ಜೀವನಾಂಶಕ್ಕೆ ತೀರಾ ಗೊಂದಲದ ಹೊತ್ತು. 1973ರ ಸಂಹಿತೆಯಲ್ಲಿ ಹಳೆಯ 488 ಹೋಗಿ 125 ಬಂದಿತ್ತು. ತಲಾಖ್ ಆದವಳನ್ನೂ ‘ಹೆಂಡತಿ’ ಎಂಬ ಪದದೊಳಗೆ ಸೇರಿಸಿಕೊಂಡಿತ್ತು. ಇಂದೋರಿನ ಶಾ ಬಾನೊ ಆ ಕಲಂ ಹಿಡಿದು ಹೋದಳು. ಮ್ಯಾಜಿಸ್ಟ್ರೇಟರು ತಿಂಗಳಿಗೆ 25 ರೂಪಾಯಿ ಅಂದರು, ಹೈಕೋರ್ಟು 179 ರೂಪಾಯಿ 20 ಪೈಸೆ ಅಂದಿತು, 1985ರ ಏಪ್ರಿಲ್ 23ರಂದು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ನೂರೆಂಬತ್ತು ರೂಪಾಯಿ ತುಂಬದ ಆ ಮೊತ್ತಕ್ಕೆ ದೇಶ ಅಲ್ಲಾಡಿತು. 1986ರಲ್ಲಿ ರಾಜೀವ್ ಗಾಂಧಿ ಸರ್ಕಾರ ಹೊಸ ಕಾಯ್ದೆ ತಂದು, ಗಂಡನ ಹೊಣೆ ಇದ್ದತ್ತಿಗೆ, ಅಂದರೆ ತಲಾಖ್ ಆದ ಮೇಲೆ ಹೆಂಗಸು ಕಾಯಬೇಕಾದ ಅವಧಿಗೆ, ಮುಗಿಯಿತು ಅನ್ನುವ ಹಾಗೆ ಮಾಡಿತು.

ತಾಲ್ಲೂಕು ಕೋರ್ಟಿನಲ್ಲಿ ಇದರ ಪರಿಣಾಮ ಏನೆಂದರೆ ಆಕ್ಷೇಪಣೆಯಲ್ಲಿ ಒಂದು ಸಾಲು ಹೆಚ್ಚಾಯಿತು. ಗಂಡ ಕೈಬಿಟ್ಟ ಹೆಂಡತಿ 125ರಡಿ ಅರ್ಜಿ ಹಾಕಿದ ಕೂಡಲೇ ಗಂಡನ ಕಡೆಯಿಂದ ಬರುತ್ತಿತ್ತು: ಅರ್ಜಿದಾರಳಿಗೆ ಇಂಥ ದಿನ ತಲಾಖ್ ನೀಡಲಾಗಿದೆ, ಮೆಹರ್ ಸಂದಿದೆ, ಅರ್ಜಿ ವಜಾ ಮಾಡಬೇಕು. ಎಷ್ಟೋ ಹೆಂಗಸರಿಗೆ ತಮಗೆ ತಲಾಖ್ ಆಗಿದೆ ಅನ್ನುವುದು ಗೊತ್ತಾದದ್ದು ಆ ಪ್ರತಿ ಕೈಗೆ ಬಂದಾಗ.

ಬಾನು ಅವರ ‘ಕರಿ ನಾಗರಗಳು’ ಕತೆ ಇದೇ ಲೋಕದ್ದು. ಬರೀ ಹೆಣ್ಣು ಹೆತ್ತಳು ಅಂತ ಆಟೋ ಓಡಿಸುವ ಗಂಡ ಕೈಬಿಟ್ಟ ಹೆಂಗಸು ನ್ಯಾಯ ಕೇಳಿ ಮಸೀದಿಯ ಎದುರು ಮಕ್ಕಳ ಜೊತೆ ಹೋಗಿ ಕೂರುತ್ತಾಳೆ. ಗಿರೀಶ ಕಾಸರವಳ್ಳಿ ಅದನ್ನು 2004ರಲ್ಲಿ ‘ಹಸೀನಾ’ ಸಿನಿಮಾ ಮಾಡಿದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಓದಿದಾಗ ನನಗೆ ಅನ್ನಿಸಿದ್ದು, ಇದು ವಕೀಲರು ಬರೆಯುವ ಕತೆ. ಯಾರಿಗೆ ಯಾವ ಅಧಿಕಾರ ಇದೆ, ಯಾರು ನುಣುಚಿಕೊಳ್ಳುತ್ತಾರೆ, ದೂರು ಕೇಳುವ ಜಾಗದಲ್ಲಿ ಕೂತವನಿಗೆ ಏನು ಲಾಭ — ಇವೆಲ್ಲ ಪಾಟೀಸವಾಲು ಮಾಡಿದವರಿಗೆ ಕಾಣುವ ವಿವರಗಳು.

ಬಾನು ಅವರ ಮೇಲೆ ಬಹಿಷ್ಕಾರ ಬಂದದ್ದು 2000ದಲ್ಲಿ. ಮಸೀದಿಯಲ್ಲಿ ನಮಾಜು ಮಾಡುವ ಹಕ್ಕು ಹೆಂಗಸರಿಗೂ ಇದೆ ಅಂತ ಅವರು ಹೇಳಿದ್ದೇ ಕಾರಣ. ಫತ್ವಾ, ಬೆದರಿಕೆ ಕರೆಗಳು, ಕುಟುಂಬಕ್ಕೆ ಮೂರು ತಿಂಗಳು ಸಾಮಾಜಿಕ ಬಹಿಷ್ಕಾರ. ಒಬ್ಬ ಚಾಕು ಹಿಡಿದು ಬಂದ, ಅವರ ಪತಿ ಅವನನ್ನು ಹಿಡಿದು ತಡೆದರು. ಅವರ ವಿರೋಧಿಗಳ ವಾದ ಹೊಸದೇನಲ್ಲ. ಮನೆಯ ಮಾತನ್ನು ಹೊರಗೆ ಹಾಕಿ ಸಮುದಾಯದ ಮಾನ ಕಳೆದಳು, ನಮ್ಮನ್ನು ದ್ವೇಷಿಸುವವರಿಗೆ ಕೈಗೆ ಕೋಲು ಕೊಟ್ಟಳು ಅನ್ನುವುದು. ಹಾಗೆ ಹೇಳಿದವರಲ್ಲಿ ಕೆಲವರ ಭಯ ಸುಳ್ಳಲ್ಲ. ಪಕ್ಕದ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯ ದರ್ಗಾದ ಗಲಾಟೆ ಜೋರಾಗುತ್ತಿದ್ದ ಕಾಲ ಅದು. ಆದರೆ ಆ ಗಲಾಟೆಯಲ್ಲಿ ಮುಸ್ಲಿಮರ ಹಕ್ಕಿನ ಪರ ಕೋಮು ಸೌಹಾರ್ದ ವೇದಿಕೆಯ ಜೊತೆ ನಿಂತವರೂ ಇದೇ ಬಾನು. 2022ರಲ್ಲಿ ಹಿಜಾಬು ಹಾಕಿದ ಹುಡುಗಿಯರನ್ನು ಕಾಲೇಜಿನ ಹೊರಗೆ ನಿಲ್ಲಿಸಿದಾಗಲೂ ಹುಡುಗಿಯರ ಪರ ಮಾತಾಡಿದರು. ಮಸೀದಿಯೊಳಗೆ ಬಿಡಿ ಅಂದವರೇ ಕ್ಲಾಸಿನೊಳಗೂ ಬಿಡಿ ಅಂದರು. ಎರಡನ್ನೂ ಒಟ್ಟಿಗೆ ಒಪ್ಪಿಕೊಂಡವರು ಎರಡೂ ಕಡೆ ಕಡಿಮೆ.

ಆ ಬಹಿಷ್ಕಾರವಾಗಿ 23 ವರ್ಷಕ್ಕೆ, 2023ರ ಫೆಬ್ರವರಿಯಲ್ಲಿ, ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೇ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿ, ಮಸೀದಿಗೆ ಬಂದು ನಮಾಜು ಮಾಡಲು ಹೆಂಗಸರಿಗೆ ಅನುಮತಿ ಇದೆ ಅಂದಿತು. ಪುಣೆಯ ಮಹಿಳೆಯೊಬ್ಬರ ಅರ್ಜಿಗೆ ಕೊಟ್ಟ ಉತ್ತರ ಅದು. ಹಾಸನದಲ್ಲಿ ಬಾಯಲ್ಲಿ ಹೇಳಿದ್ದಕ್ಕೆ ಚಾಕು ಬಂದಿತ್ತು. ದೆಹಲಿಯಲ್ಲಿ ಅದೇ ಮಾತು ನೋಟರಿ ಮೊಹರಿನ ಕಾಗದವಾಗಿ ಬಂತು.

ದಸರೆಯ ಕತೆಯಲ್ಲಿ ಎದುರಾಳಿಗಳು ಬೇರೆ. 2025ರ ಆಗಸ್ಟಿನಲ್ಲಿ ಸರ್ಕಾರ ಅವರ ಹೆಸರು ಹೇಳಿದ ಕೂಡಲೇ ಆಕ್ಷೇಪ ಬಂತು. ಚಾಮುಂಡೇಶ್ವರಿಗೆ ಪೂಜೆ ಸಲ್ಲಿಸಿ ಆರಂಭಿಸುವ ಹಬ್ಬ, ಮೂರ್ತಿಪೂಜೆ ನಂಬದವರು ಹೇಗೆ ಮಾಡುತ್ತಾರೆ ಅನ್ನುವುದು ಒಂದು. 2023ರ ಜನಸಾಹಿತ್ಯ ಸಮ್ಮೇಳನದಲ್ಲಿ, ಕನ್ನಡವನ್ನು ಭುವನೇಶ್ವರಿಯಾಗಿ ಕೂರಿಸಿ ಅರಿಶಿನ ಕುಂಕುಮದ ಬಾವುಟ ಹಿಡಿದರೆ ನಾನೆಲ್ಲಿ ನಿಲ್ಲಲಿ ಅನ್ನುವ ಅರ್ಥದಲ್ಲಿ ಅವರು ಆಡಿದ್ದ ಮಾತು ಇನ್ನೊಂದು. ಆ ಭಾಷಣದಿಂದ ಕನ್ನಡದ ಮೇಲೆ ಪ್ರೀತಿ ಇರುವ ಎಷ್ಟೋ ಜನರಿಗೆ ನೋವಾಗಿದೆ, ನನ್ನ ಮನೆಯಲ್ಲೇ ನೋವಾದವರಿದ್ದಾರೆ. ಆದರೆ 2017ರಲ್ಲಿ ಕೆ.ಎಸ್. ನಿಸಾರ್ ಅಹಮದ್ ದಸರಾ ಉದ್ಘಾಟಿಸಿದಾಗ ಇಷ್ಟು ದೊಡ್ಡ ಗದ್ದಲ ಆಗಿರಲಿಲ್ಲ. ಈ ಸಲ ದೂರು ಕೋರ್ಟಿಗೇ ಹೋಯಿತು. ಸೆಪ್ಟೆಂಬರ್ 15ರಂದು ಹೈಕೋರ್ಟು ಅರ್ಜಿಗಳನ್ನು ವಜಾ ಮಾಡಿತು, 19ರಂದು ಸುಪ್ರೀಂ ಕೋರ್ಟೂ ವಜಾ ಮಾಡಿತು, 22ರಂದು ಅವರು ಚಾಮುಂಡಿ ಬೆಟ್ಟದ ಮೇಲೆ ಹಬ್ಬ ಉದ್ಘಾಟಿಸಿದರು. ಒಂದು ಕಾಲದಲ್ಲಿ ಬಹಿಷ್ಕಾರ ಹಾಕುತ್ತಿದ್ದವರ ಜಾಗದಲ್ಲಿ ಈಗ ರಿಟ್ ಅರ್ಜಿ ಹಾಕುವವರು ಬಂದಿದ್ದಾರೆ. ಇಷ್ಟಾದರೂ ಮುಂದೆ ಹೋಗಿದ್ದೇವೆ.

ಈ ನಡುವೆ ಕಾನೂನು ಸದ್ದಿಲ್ಲದೆ ಅವರು ನಿಂತ ಕಡೆಗೇ ಬಂತು. 2001ರಲ್ಲಿ ಡೇನಿಯಲ್ ಲತೀಫಿ ತೀರ್ಪು: ಗಂಡ ಇದ್ದತ್ತಿನೊಳಗೇ ಹೆಂಡತಿಯ ಮುಂದಿನ ಬದುಕಿಗೆ ಸಾಕಾಗುವಷ್ಟು ಏರ್ಪಾಡು ಮಾಡಬೇಕು. ಅದೇ ವರ್ಷ 500 ರೂಪಾಯಿಯ ಮೇಲ್ಮಿತಿ ಹೋಯಿತು. 2002ರಲ್ಲಿ ಶಮೀಮ್ ಆರಾ ತೀರ್ಪು: ಆಕ್ಷೇಪಣೆಯಲ್ಲಿ ತಲಾಖ್ ಕೊಟ್ಟಿದ್ದೇನೆ ಅಂತ ಬರೆದ ಮಾತ್ರಕ್ಕೆ ತಲಾಖ್ ಆಗುವುದಿಲ್ಲ, ರುಜುವಾತು ಮಾಡಬೇಕು. ಆ ತೀರ್ಪು ಬಂದ ಮೇಲೆ ನಾನು ಹೇಳಿದ ಆ ಸಾಲು ಮೆಲ್ಲಗೆ ಕಡಿಮೆಯಾಯಿತು. 2017ರಲ್ಲಿ ತ್ರಿವಳಿ ತಲಾಖೇ ಅಸಿಂಧುವಾಯಿತು. 2024ರ ಜುಲೈ 10ರಂದು ಸುಪ್ರೀಂ ಕೋರ್ಟು, ತಲಾಖ್ ಆದ ಮುಸ್ಲಿಂ ಹೆಂಗಸು 125ರಡಿಯೂ ಕೇಳಬಹುದು ಅಂತ ಸ್ಪಷ್ಟ ಮಾಡಿತು. ಆ ಪೀಠದಲ್ಲಿದ್ದವರು ನಮ್ಮ ನ್ಯಾಯಮೂರ್ತಿ ಬಿ.ವಿ. ನಾಗರತ್ನ. 1985ರ ಶಾ ಬಾನೊ ಪೀಠದ ಐವರಲ್ಲಿ ಅವರ ತಂದೆ ಇ.ಎಸ್. ವೆಂಕಟರಾಮಯ್ಯ ಒಬ್ಬರು. ಅಪ್ಪ ಕೊಟ್ಟ ಹಕ್ಕನ್ನು ಸಂಸತ್ತು ಕಿತ್ತುಕೊಂಡಿತ್ತು, ಮಗಳು ವಾಪಸು ಕೊಟ್ಟರು. ಮಧ್ಯೆ ಹೋದದ್ದು 39 ವರ್ಷ.

‘ಎದೆಯ ಹಣತೆ’ಯ ಕತೆಗಳಿಗೆ ಬೂಕರ್ ಬಂದಾಗ ಇಲ್ಲಿನವರಿಗೆ ಇನ್ನೊಂದು ಹೆಮ್ಮೆಯೂ ಇತ್ತು: ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಪಕ್ಕದ ಮಡಿಕೇರಿಯವರು. ಹನ್ನೆರಡು ಕತೆಗಳ ಆ ಪುಸ್ತಕ ಕನ್ನಡಕ್ಕೆ ಮೊದಲ ಬೂಕರ್ ತಂದಿತು. ಸಣ್ಣಕತೆಗಳ ಸಂಕಲನಕ್ಕೆ ಆ ಬಹುಮಾನ ಬಂದದ್ದೂ ಅದೇ ಮೊದಲು.

ಈಗ ಅರ್ಜಿಯ ತಲೆಬರಹ ಮತ್ತೆ ಬದಲಾಗಿದೆ. 2024ರ ಜುಲೈ 1ರಿಂದ 125ರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144. ರಜನೇಶ್–ನೇಹಾ ತೀರ್ಪು 2020ರಲ್ಲಿ ಬಂದ ಮೇಲೆ ಗಂಡ ಹೆಂಡತಿ ಇಬ್ಬರೂ ಆಸ್ತಿ ಮತ್ತು ಸಾಲದ ಪ್ರಮಾಣಪತ್ರ ಹಾಕಬೇಕು. ಅದನ್ನು ಟೈಪು ಮಾಡಲು ಅರ್ಜಿಗಿಂತ ಹೆಚ್ಚು ಹೊತ್ತು ಬೇಕು. ಹೆಂಗಸರಿಗೆ ವರಮಾನ ನೋಡದೆ ಸರ್ಕಾರದಿಂದ ವಕೀಲರು ಸಿಗುತ್ತಾರೆ. ಕರಿ ಕೋಟಿನ ಹುಡುಗಿಯರು ದಿನಾ ನನ್ನ ಮುಂದೆಯೇ ಓಡಾಡುತ್ತಾರೆ, ಸ್ಕೂಟರಿನಲ್ಲಿ ಆಲೂರಿಗೂ ಹೋಗಿ ಕೇಸು ನಡೆಸಿ ಬರುತ್ತಾರೆ. ಆದೇಶವೂ ಆಗುತ್ತದೆ. ಆದೇಶವಾದ ದುಡ್ಡು ಬರುವುದಿಲ್ಲ. ಬಾಕಿ ವಸೂಲಿಗೆ ಮತ್ತೊಂದು ಅರ್ಜಿ, ಅದನ್ನೂ ಬಾಕಿ ಬಿದ್ದ ಒಂದು ವರ್ಷದೊಳಗೆ ಹಾಕಬೇಕು, ಆಮೇಲೆ ವಾರಂಟು. ವಾರಂಟು ಹಿಡಿದ ಪೇದೆ ಲೈನಿಗೆ ಹೋಗಿ, ‘ಮನೆಯಲ್ಲಿ ಇಲ್ಲ’ ಅಂತ ಬರೆದು ವಾಪಸು ತರುತ್ತಾನೆ. ಮುಂದಿನ ವಾಯಿದೆಗೆ ಹೆಂಗಸು ಒಂದು ದಿನದ ಕುಯ್ಲಿನ ಕೂಲಿ ಬಿಟ್ಟು ಮತ್ತೆ ಬಸ್ಸು ಹತ್ತಬೇಕು.

ಬೂಕರ್ ಬಂದಾಗ ಊರೂರಲ್ಲಿ ಸನ್ಮಾನ ಮಾಡಿದ್ದೇವೆ, ಫ್ಲೆಕ್ಸು ಹಾಕಿದ್ದೇವೆ. ಬಾನು ಮುಷ್ತಾಕ್ ದಶಕಗಳಿಂದ ಹೊತ್ತ ಕೆಲಸಕ್ಕೆ ಈ ಜಿಲ್ಲೆ ನಿಜವಾಗಿ ಮರ್ಯಾದೆ ಕೊಡಬೇಕೆಂದರೆ ಜೀವನಾಂಶದ ವಾರಂಟನ್ನು ‘ಇಲ್ಲ’ ಅಂತ ಬರೆದು ಹಿಂದಿರುಗಿಸುವ ಅಭ್ಯಾಸ ನಿಲ್ಲಬೇಕು. ತೋಟದ ಚೆಕ್‌ರೋಲಿನಲ್ಲಿ ಗಂಡನ ಕೂಲಿ ಬರೆಯುವ ಕೈಯೇ ಅವನ ಹೆಂಡತಿಗೆ ಸಲ್ಲಬೇಕಾದ್ದನ್ನು ಮುರಿದುಕೊಳ್ಳಲು ಕೋರ್ಟು ಹೇಳಬಹುದು, ಹೇಳಿದ ಆದೇಶಗಳೂ ಇವೆ. ಅದನ್ನು ಕೇಳುವ ವಕೀಲೆಯನ್ನು ತೋಟದ ಮಾಲೀಕರು, ಊರ ಹಿರಿಯರು ಮತ್ತೆ ‘ವಿವಾದಿತ’ ಅನ್ನುತ್ತಾರೆ. ಅನ್ನಲಿ. ಅರ್ಜಿ ನಾನು ಟೈಪು ಮಾಡಿಕೊಡುತ್ತೇನೆ.